ತೆರೆ ಮೂರಾದ ಬೆಳಿಗ್ಗೆ

ಇಪ್ಪತ್ತಾರು ವರ್ಷ ಮಂಗಳೂರಿನ ಈ ದಕ್ಕೆಯಲ್ಲಿ
ಏಲಂ ಕೂಗಿದ ಗಂಟಲು ನನ್ನದು.
ಬಂಗುಡೆಯ ಬುಟ್ಟಿ ಸುರಿದ ಸದ್ದಿಗೇ
ದರ ನಾಲಗೆಯ ಮೇಲೆ ಬಂದು ಕೂರುತ್ತಿತ್ತು.
ಇದಿನಬ್ಬಾಕ ಎಡಗಿವಿ ತುರಿಸಿದರೆ ಐವತ್ತು ಹೆಚ್ಚು,
ಅಪ್ಪಿಯಕ್ಕ ಎಲೆಯಡಿಕೆ ಉಗುಳಿದರೆ
ಅವಳು ಆಟದಿಂದ ಹೊರಗೆ.
ಅಷ್ಟೇ. ನಮ್ಮ ಪೈಪೋಟಿಗೆ
ಬೇರೆ ಕಾನೂನು ಇರಲಿಲ್ಲ.

ಆಮೇಲೆ ‘ತೆರೆ’ ಬಂತು.
ಹೆಸರಿಟ್ಟವನು ಜಾಣ:
ಅಲೆಯೂ ಅದೇ, ಪರದೆಯೂ ಅದೇ,
ಬಾಗಿಲು ತೆರೆ ಎಂದರೂ ಅದೇ,
ಕೊನೆಗೆ ನಾವು ತೆತ್ತದ್ದೂ ಅದಕ್ಕೇ.

ಮೊದಲು ಬರೀ ತಕ್ಕಡಿ. ಪುಕ್ಕಟೆ.
ತೂಕ ಫೋನಿನಲ್ಲಿ ಕಾಣುತ್ತದೆಂದು
ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕೆವು.
ಮರುವರ್ಷ ಏಲಂ ಅದರೊಳಗೆ ಹೋಯಿತು.
ಹಿಂದೆಯೇ ಐಸು, ಡೀಸೆಲ್ಲಿನ ಸಾಲ,
ಕೇರಳದ ಲಾರಿ, ದುಡ್ಡು.
ತೆರೆಯ ತಕ್ಕಡಿಯಲ್ಲಿ ತೂಗದ ಮೀನಿಗೆ
ತೆರೆಯ ಐಸಿಲ್ಲ.
ಐಸಿಲ್ಲದ ಮೀನಿಗೆ ಲಾರಿ ಇಲ್ಲ.
ಲಾರಿ ಸಿಗದ ಮೀನಿಗೆ
ಗಿಡುಗಗಳು ಮಾತ್ರ ಗಿರಾಕಿ.

ದಕ್ಕೆಯ ಬಾಯಿ ಮುಚ್ಚಿತು.
ಬೆಳಗಿನ ನಾಲ್ಕೂವರೆಗೆ ಇನ್ನೂರು ಜನ
ತಲೆ ತಗ್ಗಿಸಿ ಗಾಜು ತಿಕ್ಕುವಾಗ
ಬೆಂಗ್ರೆಯ ಫೆರಿಯ ಇಂಜಿನು
ಮೊದಲ ಸಲ ಇಲ್ಲಿಗೂ ಕೇಳಿಸಿತು.
ನಾನು ಐಸು ಒಡೆಯುವ ಕೆಲಸಕ್ಕೆ ಸೇರಿದೆ.

ಕುದ್ರೋಳಿಯ ರೆಸಿಲ್ಲಾ,
ಪರ್ಸೀನ್ ಬೋಟಿನ ಸಿಪ್ರಿಯನ್ನನ ತಂಗಿ,
ತಾನೇ ಒಂದು ಸಣ್ಣ ಆ್ಯಪು ಬರೆದಿದ್ದಳು.
ಕಮಿಷನ್ ಅರ್ಧ. ತುಳುವಿನಲ್ಲಿ ಮಾತಾಡುತ್ತಿತ್ತು.
ಹದಿನೆಂಟು ಬೋಟು ಸೇರಿದ ವಾರವೇ
ತೆರೆಯ ತಕ್ಕಡಿಗಳೆಲ್ಲ
ಒಂದೇ ರಾತ್ರಿ ಭಾಷೆ ಬದಲಿಸಿದವು.
ಅವಳ ಫೋನಿಗೆ ಎಷ್ಟಿಟ್ಟರೂ ಸೊನ್ನೆ.
ಸೊನ್ನೆ ಕಿಲೋ ಅಂಜಲ್,
ಸೊನ್ನೆ ಕಿಲೋ ಮಾಂಜಿ,
ತಾನೇ ಹತ್ತಿ ನಿಂತಳಂತೆ.
ಸೊನ್ನೆ.

ಆ ಸೊನ್ನೆಯನ್ನೇ ಕಾಗದಕ್ಕೆ ಹಾಕಿ
ದೆಹಲಿಗೆ ಹೋದಳು. ಐದು ವರ್ಷ.
ತೆರೆಯ ಕಡೆಯ ವಕೀಲರು ಕೇಳಿದರಂತೆ,
ನಿಮಗಾದ ನಷ್ಟ ಎಷ್ಟು ತೂಗುತ್ತದೆ ಮೇಡಂ?
ತಕ್ಕಡಿ ಕೊಡಿ, ಹೇಳುತ್ತೇನೆ
ಅಂದಳಂತೆ ಇವಳು.

ಮೊನ್ನೆ ತೀರ್ಪು ಬಂತು. ಮೂರು ಮಾಡಿ.
ತಕ್ಕಡಿ ಒಬ್ಬರಿಗೆ, ಏಲಂ ಒಬ್ಬರಿಗೆ,
ಐಸು ಸಾಲ ಲಾರಿ ಇನ್ನೊಬ್ಬರಿಗೆ.
ತಕ್ಕಡಿ ಇನ್ನು ಮುಂದೆ ಯಾರ ಫೋನು ಕೇಳಿದರೂ
ನಿಜವನ್ನೇ ಹೇಳತಕ್ಕದ್ದು.

ಇದಿನಬ್ಬಾಕನಿಗೆ ನಂಬಿಕೆ ಇಲ್ಲ.
ಅಂಜಲನ್ನು ಕತ್ತರಿಸಿದರೆ ಪಾಲು,
ಬಲೆಯನ್ನು ಕತ್ತರಿಸಿದರೆ ತೂತು,
ಇದು ಮೀನೋ ಬಲೆಯೋ
ಕೋರ್ಟಿಗೆ ಗೊತ್ತುಂಟಾ ಮಾರಾಯ?
ಎರಡೂ ಅಲ್ಲ, ಏಡಿ, ಅಂದಳು ಅಪ್ಪಿಯಕ್ಕ
ಕತ್ತಿಯಿಂದ ತಲೆ ಎತ್ತದೆ.
ಕೊಂಬು ಮುರಿದರೆ ಮತ್ತೆ ಬರುತ್ತದೆ ಅದಕ್ಕೆ.
ಮೊದಲು ಸಣ್ಣದು. ಆಮೇಲೆ ನೋಡು.

ಬಾಬುವಿನ ಹೋಟೆಲಿನಲ್ಲಿ
ಮೂರು ಕಂಪೆನಿಯ ಮೂವರು ಮ್ಯಾನೇಜರು,
ಮೂರು ಬಣ್ಣದ ಅಂಗಿ,
ಒಂದೇ ಬೆಂಚು.
ಮೂರು ಚಾಯ, ಬಿಲ್ಲು ಒಂದೇ,
ಎಂದು ಬಾಬು ಕಣ್ಣು ಹೊಡೆದ.

ಆದರೂ ಇವತ್ತು,
ಸಿಪ್ರಿಯನ್ನನ ಮೊದಲ ಬುಟ್ಟಿ ತಕ್ಕಡಿಗೆ ಏರಿದಾಗ
ರೆಸಿಲ್ಲಾಳ ಒಡೆದ ಗಾಜಿನ ಫೋನಿನಲ್ಲಿ
ಮೂವತ್ತೊಂದು ಕಿಲೋ ನಾನ್ನೂರು ಗ್ರಾಂ.
ಅವಳು ಏನೂ ಹೇಳಲಿಲ್ಲ.
ಬುಟ್ಟಿ ಇಳಿಸಿ ಇನ್ನೊಮ್ಮೆ ಏರಿಸಿದಳು.
ಮೂವತ್ತೊಂದು, ನಾನ್ನೂರು.

ನನ್ನ ಗಂಟಲು ಕೆರೆಯಿತು.
ಐಸಿನ ಕೊಡಲಿ ಕೆಳಗಿಟ್ಟು, ಯಾರೂ ಕೇಳದೆ,
ಕೂಗಿಬಿಟ್ಟೆ ಒಂದು ದರ.
ಅರ್ಧ ಕೂಗು, ಅರ್ಧ ಕೆಮ್ಮು.
ಇನ್ನೂರು ತಲೆ ಮೇಲೆದ್ದವು.
ಗಿಡುಗಗಳೂ ಒಂದು ಸುತ್ತು ಹೆಚ್ಚು ಹಾರಿದವು.
ಯಾರೂ ಮಾತಾಡಲಿಲ್ಲ.

ಇದಿನಬ್ಬಾಕ ಎಡಗಿವಿ ತುರಿಸಿದರು.
ಸೆಕೆಗೆ ತುರಿಕೆಯೋ,
ಏನೋ.
ನಾನು ಐವತ್ತು ಏರಿಸಿದೆ.